ಮನೆಮಾತು ಬೇರೆ ಅಂದರೆ ಇಂಗ್ಲಿಷ್ ಬರಲ್ಲ ಅಂತಲೇ? ಅಮೆರಿಕದ ಹಳ್ಳಿಗಾಡಿನ ಲೆಕ್ಕ

2025ರ ಮಾರ್ಚ್ 1ರಂದು ಅಮೆರಿಕದ ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಒಂದು ಆದೇಶಕ್ಕೆ ಸಹಿ ಹಾಕಿದರು. ಇನ್ನು ಮುಂದೆ ಇಂಗ್ಲಿಷೇ ದೇಶದ ಅಧಿಕೃತ ಭಾಷೆ ಎಂಬ ಆದೇಶ ಅದು. ಹುಟ್ಟಿ ಹತ್ತಿರ ಹತ್ತಿರ 250 ವರ್ಷವಾದರೂ ಆ ದೇಶಕ್ಕೆ ಕೇಂದ್ರದ ಮಟ್ಟದಲ್ಲಿ ಅಧಿಕೃತ ಭಾಷೆ ಅಂತ ಒಂದು ಇರಲಿಲ್ಲ. ಹಾಗಾಗಿ ಸುದ್ದಿ ಓದಿದವರಿಗೆ ಗೊಂದಲವಾದದ್ದು ಸಹಜ. ಅಲ್ಲಿ ಮನೆಯಲ್ಲಿ ಕನ್ನಡ ಮಾತಾಡಿದರೆ ತೊಂದರೆಯಾ? ಸ್ಪ್ಯಾನಿಷ್ ಮತಪತ್ರ ಇನ್ನು ಸಿಗುವುದಿಲ್ಲವಾ? ಆಸ್ಪತ್ರೆಯಲ್ಲಿ ದುಭಾಷಿ ಇರುವುದಿಲ್ಲವಾ?

ಇದರ ಜೊತೆಗೇ ಒಂದು ಅಂಕಿ ಓಡಾಡುತ್ತದೆ. ಅಮೆರಿಕದ ಜನಗಣತಿ ಇಲಾಖೆಯ ಪ್ರಕಾರ 2019ರಲ್ಲಿ ಮನೆಯಲ್ಲಿ ಇಂಗ್ಲಿಷ್ ಬಿಟ್ಟು ಬೇರೆ ಭಾಷೆ ಮಾತಾಡುತ್ತಿದ್ದವರು 6 ಕೋಟಿ 78 ಲಕ್ಷ. 1980ರಲ್ಲಿ ಇವರ ಸಂಖ್ಯೆ 2 ಕೋಟಿ 31 ಲಕ್ಷ ಇತ್ತು. ಅಂದರೆ ಹತ್ತರಲ್ಲಿ ಒಬ್ಬರಿದ್ದದ್ದು ಈಗ ಹೆಚ್ಚುಕಡಿಮೆ ಐದರಲ್ಲಿ ಒಬ್ಬರು. ಆದೇಶದ ಸುದ್ದಿಯ ಪಕ್ಕದಲ್ಲಿ ಈ ಅಂಕಿ ಇಟ್ಟರೆ ಓದುವವರಿಗೆ ಅನಿಸುವುದು ಒಂದೇ: ಅಮೆರಿಕದ ಐದನೇ ಒಂದು ಪಾಲು ಜನಕ್ಕೆ ಇಂಗ್ಲಿಷ್ ಬರುವುದಿಲ್ಲ.

ಇದು ತಪ್ಪು. ಆ ಆರೂ ಮುಕ್ಕಾಲು ಕೋಟಿ ಜನರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ತಮಗೆ ಇಂಗ್ಲಿಷ್ "ತುಂಬಾ ಚೆನ್ನಾಗಿ" ಬರುತ್ತದೆ ಎಂದು ಹೇಳಿದವರು. ಹಾಗೆ ಹೇಳದವರು ಸುಮಾರು ಎರಡೂವರೆ ಕೋಟಿ. ಅವರಲ್ಲೂ ಬಹಳ ಜನ "ಚೆನ್ನಾಗಿ ಬರುತ್ತದೆ" ಅಂದವರೇ. ಮನೆಮಾತು ಒಂದು ಲೆಕ್ಕ, ಇಂಗ್ಲಿಷ್ ಬರುವುದು ಇನ್ನೊಂದು ಲೆಕ್ಕ. ಎರಡನ್ನೂ ಕಲಸಿದರೆ ಏನಾಗುತ್ತದೆ ಅನ್ನುವುದು ನ್ಯೂಯಾರ್ಕ್, ಲಾಸ್ ಏಂಜಲೀಸ್‌ನಂಥ ಊರುಗಳಿಗಿಂತ ಹಳ್ಳಿಗಾಡಿನ ಕೌಂಟಿಗಳಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಫಾರಂನಲ್ಲಿ ಕೇಳುವುದು ಏನು?

ಕೌಂಟಿ ಅಂದರೆ ನಮ್ಮ ಜಿಲ್ಲೆಯಂಥ ಆಡಳಿತದ ಭಾಗ. ದೇಶದಲ್ಲಿ ಇಂಥವು 3,100ಕ್ಕೂ ಜಾಸ್ತಿ ಇವೆ. ಕೆಲವು ನಮ್ಮ ಜಿಲ್ಲೆಗಳಿಗಿಂತ ದೊಡ್ಡವು. ಇನ್ನು ಕೆಲವಕ್ಕೆ ನಮ್ಮ ಒಂದು ಹೋಬಳಿಯಷ್ಟೂ ಜನರಿಲ್ಲ.

ಭಾಷೆಯ ಅಂಕಿ ಬರುವುದು ಹತ್ತು ವರ್ಷಕ್ಕೊಮ್ಮೆ ನಡೆಯುವ ಜನಗಣತಿಯಿಂದ ಅಲ್ಲ. ಅಮೆರಿಕನ್ ಕಮ್ಯುನಿಟಿ ಸರ್ವೆ ಎಂಬ ಸಮೀಕ್ಷೆ ಇದೆ. ವರ್ಷಕ್ಕೆ ಸುಮಾರು 35 ಲಕ್ಷ ವಿಳಾಸಗಳಿಗೆ ಅದರ ಫಾರಂ ಹೋಗುತ್ತದೆ. ಐದು ವರ್ಷ ಮತ್ತು ಅದಕ್ಕಿಂತ ಮೇಲ್ಪಟ್ಟ ಪ್ರತಿಯೊಬ್ಬರ ಬಗ್ಗೆಯೂ ಭಾಷೆಯ ಬಗ್ಗೆ ಮೂರು ಪ್ರಶ್ನೆ ಇರುತ್ತವೆ. ಈ ವ್ಯಕ್ತಿ ಮನೆಯಲ್ಲಿ ಇಂಗ್ಲಿಷ್ ಅಲ್ಲದೆ ಬೇರೆ ಭಾಷೆ ಮಾತಾಡುತ್ತಾರಾ? ಹೌದಾದರೆ ಯಾವ ಭಾಷೆ? ಇವರಿಗೆ ಇಂಗ್ಲಿಷ್ ಎಷ್ಟು ಚೆನ್ನಾಗಿ ಬರುತ್ತದೆ? ಮೂರನೆಯದಕ್ಕೆ ನಾಲ್ಕು ಉತ್ತರಗಳಿವೆ: ತುಂಬಾ ಚೆನ್ನಾಗಿ, ಚೆನ್ನಾಗಿ, ಅಷ್ಟೇನೂ ಚೆನ್ನಾಗಿಲ್ಲ, ಬರುವುದೇ ಇಲ್ಲ.

ಯಾರೂ ಪರೀಕ್ಷೆ ಮಾಡುವುದಿಲ್ಲ. ಸಾಮಾನ್ಯವಾಗಿ ಮನೆಯ ಒಬ್ಬರು ಕೂತು ಎಲ್ಲರ ಪರವಾಗಿ ಟಿಕ್ ಹಾಕುತ್ತಾರೆ. ಅಜ್ಜಿಯ ಇಂಗ್ಲಿಷ್ ಹೇಗಿದೆ ಅಂತ ಮೊಮ್ಮಗ ತೀರ್ಮಾನಿಸಬಹುದು. ಮಗಳ ಇಂಗ್ಲಿಷ್ ಬಗ್ಗೆ ಅಪ್ಪ ಹೇಳಬಹುದು. ಎಷ್ಟು ಭಾಷೆ ಆಡುವ ಮನೆಯಾದರೂ ಲೆಕ್ಕಕ್ಕೆ ಸೇರುವುದು ಒಂದೇ ಭಾಷೆ. ಅಮ್ಮನ ಹತ್ತಿರ ತುಳು, ಅಪ್ಪನ ಹತ್ತಿರ ಕನ್ನಡ ಆಡುವ ಮಗು ಅಲ್ಲಿದ್ದರೆ ಒಂದನ್ನು ಬಿಡಲೇಬೇಕು.

ಇನ್ನು ಗೆರೆ ಎಳೆಯುವ ವಿಚಾರ. "ತುಂಬಾ ಚೆನ್ನಾಗಿ" ಅಂದವರೆಲ್ಲ ಗೆರೆಯ ಒಂದು ಕಡೆ. ಉಳಿದ ಮೂರೂ ಉತ್ತರದವರು ಇನ್ನೊಂದು ಕಡೆ. ಆ ಇನ್ನೊಂದು ಕಡೆಯವರಿಗೆ ಸರ್ಕಾರಿ ಭಾಷೆಯಲ್ಲಿ "ಸೀಮಿತ ಇಂಗ್ಲಿಷ್" ಇರುವವರು ಎಂದು ಹೆಸರು. ಗೆರೆ ಇಷ್ಟು ಮೇಲೆ ಯಾಕೆ ಅಂತ ಕೇಳಬಹುದು. 1982ರಲ್ಲಿ ಜನಗಣತಿ ಇಲಾಖೆ ಒಂದು ಅಧ್ಯಯನಕ್ಕಾಗಿ ಜನರಿಗೆ ನಿಜವಾದ ಇಂಗ್ಲಿಷ್ ಪರೀಕ್ಷೆಯನ್ನೇ ಕೊಟ್ಟು ನೋಡಿತ್ತು. "ತುಂಬಾ ಚೆನ್ನಾಗಿ" ಅಂದುಕೊಂಡವರು ಇಂಗ್ಲಿಷ್ ಮನೆಮಾತಿನವರ ಹತ್ತಿರ ಹತ್ತಿರ ಅಂಕ ತೆಗೆದರು. ಕೆಳಗಿನವರು ಎಡವಿದರು. ಗೆರೆಗೆ ಆಧಾರ ಇದೆ. ಆದರೆ ನಾಲ್ಕು ದಶಕ ಹಳೆಯ ಆಧಾರ. ಜೊತೆಗೆ ಸ್ವಭಾವ ಬೇರೆ ಅಡ್ಡ ಬರುತ್ತದೆ. ಇಂಗ್ಲಿಷಿನಲ್ಲೇ ಓದಿ, ಇಂಗ್ಲಿಷಿನಲ್ಲೇ ದುಡಿಯುವ ಒಬ್ಬರು ಸಂಕೋಚಕ್ಕೆ "ಚೆನ್ನಾಗಿ" ಅಂತ ಟಿಕ್ ಹಾಕಿದರೆ ಸಾಕು, ಸೀಮಿತ ಇಂಗ್ಲಿಷಿನವರ ಪಟ್ಟಿಗೆ ಸೇರಿಬಿಡುತ್ತಾರೆ.

ಕುಟುಂಬದ ಲೆಕ್ಕ ಇನ್ನೂ ವಿಚಿತ್ರ. ಮನೆಯಲ್ಲಿ 14 ವರ್ಷ ದಾಟಿದ ಒಬ್ಬರಿಗೂ "ತುಂಬಾ ಚೆನ್ನಾಗಿ" ಇಂಗ್ಲಿಷ್ ಬರದಿದ್ದರೆ ಇಡೀ ಮನೆ "ಸೀಮಿತ ಇಂಗ್ಲಿಷ್ ಕುಟುಂಬ". ಆ ಮನೆಯ ಹನ್ನೊಂದು ವರ್ಷದ ಹುಡುಗಿ ಅರಳು ಹುರಿದಂತೆ ಇಂಗ್ಲಿಷ್ ಮಾತಾಡಿದರೂ ಅವಳೂ ಅದರಲ್ಲೇ ಸೇರಿಹೋಗುತ್ತಾಳೆ. ಹಿಂದೆ ಇಂಥ ಮನೆಗಳಿಗೆ "ಭಾಷೆಯಿಂದ ಒಂಟಿಯಾದ ಮನೆ" ಎಂಬ ಅರ್ಥದ ಹೆಸರಿತ್ತು. ಕಿವಿಗೆ ಒರಟಾಗಿ ಕೇಳುತ್ತದೆ ಅಂತ ಹೆಸರು ಬದಲಾಯಿಸಿದರು. ಲೆಕ್ಕ ಬದಲಾಗಲಿಲ್ಲ.

ಮಂಗಳೂರಿನಿಂದ ನೋಡಿದರೆ

ಇದು ನಮಗೆ ಹೊಸದೇನಲ್ಲ. 2011ರ ಜನಗಣತಿಯಲ್ಲಿ ಕರ್ನಾಟಕದಲ್ಲಿ ಕನ್ನಡ ತಾಯಿನುಡಿ ಎಂದವರು ಸುಮಾರು ಶೇ. 66. ಹಾಗಾದರೆ ಉಳಿದ ಮೂರನೇ ಒಂದು ಪಾಲು ಜನಕ್ಕೆ ಕನ್ನಡ ಬರುವುದಿಲ್ಲವಾ? ಮಂಗಳೂರಿನ ಕಡೆ ಹೀಗೆ ಕೇಳಿದರೆ ನಕ್ಕುಬಿಡುತ್ತಾರೆ. ಮನೆಯಲ್ಲಿ ತುಳು, ಕೊಂಕಣಿ ಅಥವಾ ಬ್ಯಾರಿ, ಶಾಲೆಯಲ್ಲಿ ಕನ್ನಡ, ಬ್ಯಾಂಕಿನಲ್ಲಿ ಮೂರೂ. ಕೊಡಗಿನಲ್ಲೂ ಹಾಗೆಯೇ. ಕಲಬುರಗಿಯ ಉರ್ದು ಮನೆಗಳಲ್ಲೂ ಹಾಗೆಯೇ.

ಒಂದು ವ್ಯತ್ಯಾಸ ಮಾತ್ರ ಗಮನಿಸಬೇಕು. ನಮ್ಮ ಜನಗಣತಿ ಕೇಳುವುದು ತಾಯಿನುಡಿಯನ್ನು, ಅಂದರೆ ಚಿಕ್ಕಂದಿನಲ್ಲಿ ತಾಯಿ ಆಡಿದ ಭಾಷೆಯನ್ನು. ಅದರ ಜೊತೆಗೆ ಗೊತ್ತಿರುವ ಇನ್ನೆರಡು ಭಾಷೆಗಳನ್ನು ಬರೆದುಕೊಳ್ಳುತ್ತಾರೆ. ಎಷ್ಟು ಚೆನ್ನಾಗಿ ಬರುತ್ತದೆ ಅಂತ ಕೇಳುವುದಿಲ್ಲ. ಅಮೆರಿಕದವರು ಕೇಳುವುದು ಈಗ ಮನೆಯಲ್ಲಿ ಆಡುವ ಭಾಷೆ. ತಾಯಿನುಡಿ ಸ್ಪ್ಯಾನಿಷ್ ಆಗಿದ್ದೂ ಮನೆಯಲ್ಲಿ ಈಗ ಬರೀ ಇಂಗ್ಲಿಷ್ ಆಡುವವರು ಅವರ ಲೆಕ್ಕದಲ್ಲಿ ಇಂಗ್ಲಿಷಿನವರು. ಅಂಥವರಿಗೆ ಮೂರನೇ ಪ್ರಶ್ನೆಯನ್ನು ಕೇಳುವುದೂ ಇಲ್ಲ. ಇಂಗ್ಲಿಷ್ ಒಂದನ್ನೇ ಆಡುವವರಿಗೆ ಇಂಗ್ಲಿಷ್ ಚೆನ್ನಾಗಿಯೇ ಬರುತ್ತದೆ ಅಂತ ಫಾರಂ ನಂಬಿಕೊಂಡಿದೆ.

ಹೋಮ್ಸ್ ಕೌಂಟಿಯ ಜರ್ಮನ್

ಒಹಾಯೊ ರಾಜ್ಯದಲ್ಲಿ ಹೋಮ್ಸ್ ಅಂತ ಒಂದು ಕೌಂಟಿ ಇದೆ. 2020ರಲ್ಲಿ ಜನಸಂಖ್ಯೆ 44,223. ಗುಡ್ಡ, ಹೊಲ, ಹಸು, ಕುದುರೆ ಗಾಡಿ. ಅಲ್ಲಿನ ಹೆಚ್ಚುಕಡಿಮೆ ಅರ್ಧ ಜನ ಆಮಿಷ್ ಪಂಥದವರು. ಕರೆಂಟು, ಕಾರು ಬೇಡ ಅನ್ನುವ, ಹಳೇ ಕಾಲದ ಉಡುಪು ತೊಡುವ ಕ್ರೈಸ್ತರು. ಇವರ ಮನೆಮಾತು ಪೆನ್ಸಿಲ್ವೇನಿಯಾ ಡಚ್. ಹೆಸರಿನಲ್ಲಿ ಡಚ್ ಇದ್ದರೂ ಅದು ಜರ್ಮನ್ನಿನ ಒಂದು ರೂಪ. ಇವರ ಹಿರಿಯರು ಯುರೋಪಿನಿಂದ 18ನೇ ಶತಮಾನದಲ್ಲೇ ಬರಲು ಶುರು ಮಾಡಿದವರು. ಅಮೆರಿಕ ಎಂಬ ದೇಶ ಹುಟ್ಟುವುದಕ್ಕೂ ಮೊದಲು.

ಆಮಿಷ್ ಮಗು ಶಾಲೆಗೆ ಹೋಗುವ ತನಕ ಬಹುತೇಕ ಪೆನ್ಸಿಲ್ವೇನಿಯಾ ಡಚ್ಚಿನಲ್ಲೇ ಬೆಳೆಯುತ್ತದೆ. ಶಾಲೆಯಲ್ಲಿ ಪಾಠ ಇಂಗ್ಲಿಷಿನಲ್ಲಿ. ಚರ್ಚಿನ ಬೈಬಲ್ಲು ಇನ್ನೊಂದು ಬಗೆಯ ಜರ್ಮನ್ನಿನಲ್ಲಿ, ಗ್ರಾಂಥಿಕ ಜರ್ಮನ್ನಿನಲ್ಲಿ. ಎಂಟನೇ ತರಗತಿಗೆ ಓದು ಮುಗಿಯುತ್ತದೆ. ಅಷ್ಟಕ್ಕೇ ನಿಲ್ಲಿಸುವ ಹಕ್ಕನ್ನು ಸುಪ್ರೀಂ ಕೋರ್ಟು 1972ರ ವಿಸ್ಕಾನ್ಸಿನ್ ವಿರುದ್ಧ ಯೋಡರ್ ತೀರ್ಪಿನಲ್ಲಿ ಒಪ್ಪಿಕೊಂಡಿತು. ಓದು ಮುಗಿಯುವ ಹೊತ್ತಿಗೆ ಇಂಗ್ಲಿಷ್ ಬಂದಿರುತ್ತದೆ. ಪ್ರವಾಸಿಗರಿಗೆ ಪೀಠೋಪಕರಣ, ಚೀಸು ಮಾರುವುದು ಇಂಗ್ಲಿಷಿನಲ್ಲೇ.

ಕೋಷ್ಟಕದಲ್ಲಿ ಮಾತ್ರ ಹೋಮ್ಸ್ ಕೌಂಟಿಯ ಮೊದಲ ಅಂಕಣ, ಅಂದರೆ "ಮನೆಯಲ್ಲಿ ಬೇರೆ ಭಾಷೆ" ಎಂಬುದು, ಮೆಕ್ಸಿಕೋ ಗಡಿಯ ಊರಿನ ಹಾಗೆ ಉಬ್ಬಿರುತ್ತದೆ. ವಲಸಿಗರು ಬಂದು ತುಂಬಿಕೊಂಡರು ಅನ್ನುವವರ ಕೈಗೆ ಈ ಅಂಕಿ ಸಿಕ್ಕರೆ ಅರ್ಥವೇ ತಿರುಗುಮುರುಗು. ಇಲ್ಲಿರುವವರು ಮುನ್ನೂರು ವರ್ಷದ ಹತ್ತಿರ ಭಾಷೆ ಉಳಿಸಿಕೊಂಡವರು. ಇಂಗ್ಲಿಷ್ ಕಲಿತರೆ ಮನೆಮಾತು ಹೋಗಿಬಿಡುತ್ತದೆ ಎಂಬ ಭಯಕ್ಕೂ, ಮನೆಮಾತು ಉಳಿದರೆ ಇಂಗ್ಲಿಷ್ ಬರುವುದಿಲ್ಲ ಎಂಬ ಆರೋಪಕ್ಕೂ ಈ ಒಂದು ಕೌಂಟಿಯೇ ಉತ್ತರ.

ಅಪಾಚೆ ಕೌಂಟಿ: ವಲಸೆಯೇ ಬರದವರು

ಅರಿಜೋನಾದ ಈಶಾನ್ಯ ಮೂಲೆಯಲ್ಲಿ ಉದ್ದಕ್ಕೆ ಪಟ್ಟಿಯಂತೆ ಮಲಗಿರುವ ಕೌಂಟಿ ಅಪಾಚೆ. ಹೆಸರು ಅಪಾಚೆ ಆದರೂ ಅಲ್ಲಿ ಜಾಸ್ತಿ ಇರುವುದು ನವಾಹೊ ಜನ. 2020ರಲ್ಲಿ ಜನಸಂಖ್ಯೆ 66,021. ನಾಲ್ಕರಲ್ಲಿ ಮೂರು ಪಾಲಿನಷ್ಟು ಮೂಲನಿವಾಸಿಗಳು. ಮನೆಯಲ್ಲಿ ನವಾಹೊ ಆಡುವವರು ಇವತ್ತಿಗೂ ತುಂಬಾ ಇದ್ದಾರೆ.

ಇವರ ಭಾಷೆಯನ್ನು ಸರ್ಕಾರ ಒಂದು ಕಾಲದಲ್ಲಿ ಬಾಯಿಂದ ಕಿತ್ತುಹಾಕಲು ನೋಡಿತ್ತು. ಮಕ್ಕಳನ್ನು ದೂರದ ವಸತಿ ಶಾಲೆಗಳಿಗೆ ಒಯ್ದು, ನವಾಹೊ ಮಾತಾಡಿದರೆ ಶಿಕ್ಷೆ ಕೊಡುತ್ತಿದ್ದರು. ಅದೇ ಸರ್ಕಾರ ಎರಡನೇ ಮಹಾಯುದ್ಧದಲ್ಲಿ ಜಪಾನಿಗೆ ತಿಳಿಯದ ಗುಪ್ತ ಸಂದೇಶ ಕಳಿಸಲು ನವಾಹೊ ಯುವಕರನ್ನೇ ಸೇನೆಗೆ ಸೇರಿಸಿಕೊಂಡಿತು. ಆ ಸಂಕೇತವನ್ನು ಜಪಾನಿಗೆ ಒಡೆಯಲು ಆಗಲೇ ಇಲ್ಲ.

ಇಲ್ಲಿ ಇಂಗ್ಲಿಷ್ ಬಾರದವರು ಹೆಚ್ಚಾಗಿ ವಯಸ್ಸಾದವರು. ಮೊಮ್ಮಕ್ಕಳಲ್ಲಿ ಸಮಸ್ಯೆ ಉಲ್ಟಾ: ಇಂಗ್ಲಿಷ್ ಸಲೀಸು, ನವಾಹೊ ತೊದಲು. ಹಾಗಾಗಿ ಇಲ್ಲಿ ಸೀಮಿತ ಇಂಗ್ಲಿಷಿನ ಅಂಕಿ ವರ್ಷ ವರ್ಷ ಇಳಿದರೆ ಅದನ್ನು "ಪ್ರಗತಿ" ಅನ್ನಬೇಕಾ? ಅಜ್ಜ ಅಜ್ಜಿಯರು ತೀರಿಕೊಂಡರೂ ಆ ಅಂಕಿ ಇಳಿಯುತ್ತದೆ. ಕೋಷ್ಟಕ ಕಾರಣ ಹೇಳುವುದಿಲ್ಲ.

ಲೆಕ್ಕ ಹಿಡಿಯುವುದೇ ಇಲ್ಲಿ ಕಷ್ಟ. ಎಷ್ಟೋ ಮನೆಗಳಿಗೆ ಬೀದಿಯ ಹೆಸರಿಲ್ಲ, ನಂಬರಿಲ್ಲ. ಟಪಾಲು ಮೈಲುಗಟ್ಟಲೆ ದೂರದ ಪೋಸ್ಟ್ ಆಫೀಸಿನ ಡಬ್ಬಿಗೆ ಬರುತ್ತದೆ. 2020ರ ಜನಗಣತಿಯಲ್ಲಿ ದೇಶದ ಮೂಲನಿವಾಸಿ ಮೀಸಲು ಪ್ರದೇಶಗಳಲ್ಲಿ ಇರುವ ಆ ಜನಾಂಗದವರಲ್ಲಿ ಶೇ. 5.64ರಷ್ಟು ಜನ ಲೆಕ್ಕಕ್ಕೇ ಸಿಗಲಿಲ್ಲ ಅಂತ ಇಲಾಖೆಯೇ ಒಪ್ಪಿಕೊಂಡಿದೆ. ಎಣಿಕೆಗೇ ಸಿಗದವರ ಭಾಷೆ ಎಣಿಕೆಗೆ ಸಿಗುವುದು ಹೇಗೆ?

ಮಾಂಸದ ಕಾರ್ಖಾನೆ ಬಂದ ಮೇಲೆ

ಸುದ್ದಿಯಲ್ಲಿ ಜಾಸ್ತಿ ಬರುವುದು ಮೂರನೇ ಬಗೆಯ ಕೌಂಟಿ. ಕಾನ್ಸಾಸ್ ರಾಜ್ಯದ ಫಿನ್ನಿ ಕೌಂಟಿ ಇದಕ್ಕೆ ಸರಿಯಾದ ಉದಾಹರಣೆ. ಮುಖ್ಯ ಊರು ಗಾರ್ಡನ್ ಸಿಟಿ. 1980ರ ಕೊನೆಯಲ್ಲಿ ಪಕ್ಕದ ಹಾಲ್ಕಂಬ್ ಹತ್ತಿರ ಐಬಿಪಿ ಕಂಪನಿ ದೈತ್ಯ ದನದ ಮಾಂಸದ ಕಾರ್ಖಾನೆ ತೆರೆಯಿತು. ಈಗ ಅದು ಟೈಸನ್ ಕಂಪನಿಯದು. ಚಳಿಯಲ್ಲಿ ನಿಂತು, ಚೂರಿ ಹಿಡಿದು, ಓಡುವ ಸಾಲಿನ ಮುಂದೆ ದಿನವಿಡೀ ಒಂದೇ ಕೊಯ್ತ ಕೊಯ್ಯುವ ಕೆಲಸ. ಊರಿನ ಜನ ಸಾಲಲಿಲ್ಲ. ವಿಯೆಟ್ನಾಮಿನ ನಿರಾಶ್ರಿತರು ಬಂದರು. ಮೆಕ್ಸಿಕೋದವರು ಬಂದರು. ಆಮೇಲೆ ಸೊಮಾಲಿಯಾ, ಬರ್ಮಾದವರು. 2020ರಲ್ಲಿ ಇಡೀ ಕೌಂಟಿಯ ಜನಸಂಖ್ಯೆ 38,470. ಅರ್ಧದಷ್ಟು ಜನ ಲ್ಯಾಟಿನ್ ಅಮೆರಿಕದ ಮೂಲದವರು.

ಇಲ್ಲಿ ಕಾರ್ಯ ಕಾರಣ ನೇರವಾಗಿದೆ. ಕಾರ್ಖಾನೆಯ ಕೆಲಸಕ್ಕೆ ಇಂಗ್ಲಿಷ್ ಅಷ್ಟಾಗಿ ಬೇಕಿಲ್ಲ. ಅದಕ್ಕೇ ಇಂಗ್ಲಿಷ್ ಬಾರದವರಿಗೆ ಅಲ್ಲಿ ಕೆಲಸ ಸಿಗುತ್ತದೆ. ಪಾಳಿ ಮುಗಿಸಿ ಸುಸ್ತಾಗಿ ಬಂದವರಿಗೆ ಸಂಜೆ ತರಗತಿಗೆ ಹೋಗುವ ಚೈತನ್ಯ ಇರುವುದಿಲ್ಲ. ಪಕ್ಕದಲ್ಲಿ ನಿಂತು ಕೆಲಸ ಮಾಡುವವರೂ ತಮ್ಮ ಭಾಷೆಯವರೇ. ಅಪ್ಪನ ಇಂಗ್ಲಿಷ್ ಹತ್ತು ವರ್ಷವಾದರೂ "ಅಷ್ಟೇನೂ ಚೆನ್ನಾಗಿಲ್ಲ". ಮಗಳದ್ದು ಎರಡು ಮೂರು ವರ್ಷದಲ್ಲಿ ಹರಿಯುತ್ತದೆ. ಅವಳೇ ಬ್ಯಾಂಕಿಗೆ, ಡಾಕ್ಟರ ಹತ್ತಿರಕ್ಕೆ ಅಪ್ಪನ ಜೊತೆ ಹೋಗಿ ಮಾತು ದಾಟಿಸುತ್ತಾಳೆ. ಇಂಗ್ಲಿಷ್ ಕಲಿಯದ ಕೌಂಟಿ ಅಂತ ಅಂಕಿ ಹೇಳಬಹುದು. ಆದರೆ ಒಬ್ಬರು ಕಲಿಯುವ ಹೊತ್ತಿಗೆ ಹೊಸಬರು ನಾಲ್ಕು ಜನ ಬಂದಿರುತ್ತಾರೆ. ಕಲಿತವರು ಕಾರ್ಖಾನೆ ಬಿಟ್ಟು ಒಳ್ಳೆಯ ಕೆಲಸಕ್ಕೆ ಬೇರೆ ಊರಿಗೂ ಹೋಗುತ್ತಾರೆ. ಹೀಗಾಗಿ ಅಂಕಿ ನಿಂತಲ್ಲೇ ನಿಂತಿದ್ದರೂ ಅದರೊಳಗಿನ ಜನ ಬದಲಾಗುತ್ತಲೇ ಇರುತ್ತಾರೆ.

ಇಂಥ ಕಡೆ ಕನ್ನಡದ ಮನೆಯೂ ಒಂದೆರಡು ಇರಬಹುದು, ಹೆಚ್ಚಾಗಿ ಡಾಕ್ಟರದ್ದು. ಡಾಕ್ಟರರೇ ಬಾರದ ಹಳ್ಳಿಗಾಡಿಗೆ ವಿದೇಶಿ ವೈದ್ಯರನ್ನು ಕರೆತರಲು ಕಾನ್ರಾಡ್ 30 ಎಂಬ ವೀಸಾ ರಿಯಾಯಿತಿ ಯೋಜನೆಯಿದೆ. ಒಂದು ರಾಜ್ಯಕ್ಕೆ ವರ್ಷಕ್ಕೆ 30 ಜನ. ಭಾರತದ ವೈದ್ಯರು ಇದರಲ್ಲಿ ತುಂಬಾ ಜನ. ಆ ಕನ್ನಡದ ಮನೆ ಮೊದಲ ಅಂಕಣದಲ್ಲಿ ಮಾಂಸದ ಕಾರ್ಖಾನೆಯ ಕಾರ್ಮಿಕನ ಮನೆಯ ಪಕ್ಕದಲ್ಲೇ ಬಂದು ಕೂರುತ್ತದೆ. ಎರಡನೇ ಅಂಕಣದಲ್ಲಿ, ಅಂದರೆ "ಸೀಮಿತ ಇಂಗ್ಲಿಷ್" ಇರುವವರ ಲೆಕ್ಕದಲ್ಲಿ, ಇರುವುದಿಲ್ಲ. ಕನ್ನಡ ಅಂತ ಹೆಸರೂ ಕಾಣುವುದಿಲ್ಲ. ದೊಡ್ಡ ಕೋಷ್ಟಕದಲ್ಲಿ "ಮಲಯಾಳಂ, ಕನ್ನಡ ಅಥವಾ ಇತರ ದ್ರಾವಿಡ ಭಾಷೆಗಳು" ಎಂಬ ಸಾಲಾದರೂ ಇದೆ. ಸಣ್ಣ ಪ್ರದೇಶಗಳಿಗೆ ಬಳಸುವ 12 ಗುಂಪುಗಳ ಕೋಷ್ಟಕದಲ್ಲಿ ಕನ್ನಡ ಹೋಗುವುದು "ಏಷ್ಯಾ ಮತ್ತು ಪೆಸಿಫಿಕ್ ದ್ವೀಪಗಳ ಇತರ ಭಾಷೆಗಳು" ಎಂಬ ಚೀಲಕ್ಕೆ. ಜಪಾನೀಸ್, ಹವಾಯಿಯನ್, ತಮಿಳು ಎಲ್ಲ ಅದರೊಳಗೇ.

ಹಾಗಾದರೆ ಆದೇಶ ಮಾಡಿದ್ದೇನು?

ಮೊದಲು, ಮಾಡದ್ದು ಏನು ಅಂತ ನೋಡೋಣ. ಮನೆಯಲ್ಲಿ, ಅಂಗಡಿಯಲ್ಲಿ, ದೇವಸ್ಥಾನದಲ್ಲಿ ಯಾವ ಭಾಷೆ ಆಡಬೇಕು ಅನ್ನುವ ಬಗ್ಗೆ ಆದೇಶದಲ್ಲಿ ಏನೂ ಇಲ್ಲ. ಬೇರೆ ಭಾಷೆಯ ಫಾರಂ, ಸೇವೆಗಳನ್ನು ನಿಲ್ಲಿಸಲೇಬೇಕು ಅಂತಲೂ ಇಲ್ಲ. ಆಯಾ ಇಲಾಖೆಯ ಮುಖ್ಯಸ್ಥರು ತಮ್ಮ ವಿವೇಚನೆಯಂತೆ ಮುಂದುವರಿಸಬಹುದು ಅಂತ ಬರೆದೇ ಇದೆ.

ಮಾಡಿದ್ದು ಒಂದು ಕೆಲಸ. 2000ದ ಆಗಸ್ಟ್‌ನಲ್ಲಿ ಬಿಲ್ ಕ್ಲಿಂಟನ್ ಹೊರಡಿಸಿದ್ದ 13166ನೇ ಆದೇಶವನ್ನು ರದ್ದು ಮಾಡಿತು. ಇಂಗ್ಲಿಷ್ ಸರಿಯಾಗಿ ಬಾರದವರಿಗೂ ಸೇವೆ ಮುಟ್ಟುವಂತೆ ಕೇಂದ್ರದ ಇಲಾಖೆಗಳು ಯೋಜನೆ ಹಾಕಬೇಕು, ಕೇಂದ್ರದ ಹಣ ಪಡೆಯುವ ಸಂಸ್ಥೆಗಳಿಗೆ ದಾರಿ ತೋರಿಸಬೇಕು ಅನ್ನುತ್ತಿದ್ದ ಆದೇಶ ಅದು. 2025ರ ಜುಲೈನಲ್ಲಿ ನ್ಯಾಯ ಇಲಾಖೆ ಇನ್ನೊಂದು ಹೆಜ್ಜೆ ಇಟ್ಟಿತು. ಅಗತ್ಯವಿಲ್ಲದ ಬಹುಭಾಷಾ ಸೇವೆಗಳನ್ನು ಕಡಿಮೆ ಮಾಡುವ ದಿಕ್ಕಿನಲ್ಲಿ ಎಲ್ಲ ಇಲಾಖೆಗಳಿಗೆ ಸೂಚನೆ ಕಳಿಸಿತು.

ಆದರೆ ಅಧ್ಯಕ್ಷರ ಆದೇಶ ಸಂಸತ್ತಿನ ಕಾಯ್ದೆಯನ್ನು ಅಳಿಸಲಾರದು. ಮೂಲ ದೇಶದ ಕಾರಣಕ್ಕೆ ತಾರತಮ್ಯ ಮಾಡಬಾರದು ಅನ್ನುವ 1964ರ ನಾಗರಿಕ ಹಕ್ಕು ಕಾಯ್ದೆ ಹಾಗೇ ಇದೆ. ಇಂಗ್ಲಿಷ್ ಬಾರದ ಚೀನೀ ಮಕ್ಕಳನ್ನು ತರಗತಿಯಲ್ಲಿ ಸುಮ್ನೆ ಕೂರಿಸಿದರೆ ಅದು ಶಿಕ್ಷಣ ಅಲ್ಲ ಎಂಬ 1974ರ ಲಾವ್ ವಿರುದ್ಧ ನಿಕೊಲ್ಸ್ ತೀರ್ಪು ಹಾಗೇ ಇದೆ. ಕೇಂದ್ರದ ಹಣ ಪಡೆಯುವ ಆಸ್ಪತ್ರೆ ದುಭಾಷಿಯನ್ನು ಪುಕ್ಕಟೆ ಒದಗಿಸಬೇಕು, ತುರ್ತು ಬಿಟ್ಟರೆ ಅಪ್ರಾಪ್ತ ವಯಸ್ಸಿನ ಮಕ್ಕಳಿಂದ ಅನುವಾದ ಮಾಡಿಸಬಾರದು ಅನ್ನುವ ಆರೋಗ್ಯ ಕಾನೂನೂ ಇದೆ. ಕಾನೂನು ಉಳಿದಿದೆ, ಅದನ್ನು ನೋಡಿಕೊಳ್ಳುವ ಕಣ್ಣು ಮಂಜಾಗಿದೆ. ನನ್ನ ಪ್ರಕಾರ ನಿಜವಾದ ಪರಿಣಾಮ ಇಲ್ಲೇ ಇದೆ. ದೊಡ್ಡ ನಗರದ ಆಸ್ಪತ್ರೆಯಲ್ಲಿ ದುಭಾಷಿಗಳ ವಿಭಾಗವೇ ಇರುತ್ತದೆ. ಹಳ್ಳಿಗಾಡಿನ ಇಪ್ಪತ್ತು ಹಾಸಿಗೆಯ ಆಸ್ಪತ್ರೆ ಫೋನಿನಲ್ಲಿ ದುಭಾಷಿಯನ್ನು ಹಿಡಿಯುತ್ತದೆ. ನಿಮಿಷಕ್ಕೆ ಇಷ್ಟು ಅಂತ ದುಡ್ಡು. ಕೇಳುವವರು ಇಲ್ಲವೆಂದರೆ ಮೊದಲು ಕತ್ತರಿ ಬೀಳುವುದು ಇಂಥ ಖರ್ಚಿಗೇ.

ಎರಡು ಕಡೆಯ ವಾದ

ಆದೇಶದ ಪರ ಇರುವವರ ಮಾತನ್ನು ಸುಮ್ಮನೆ ತಳ್ಳಿಹಾಕುವ ಹಾಗಿಲ್ಲ. ನೂರಾರು ಭಾಷೆಯ ದೇಶಕ್ಕೆ ಒಂದು ಸಮಾನ ಭಾಷೆ ಬೇಕು ಅನ್ನುತ್ತಾರೆ. 30ಕ್ಕೂ ಜಾಸ್ತಿ ರಾಜ್ಯಗಳು ಮೊದಲೇ ಇಂಗ್ಲಿಷನ್ನು ಅಧಿಕೃತ ಅಂದಿವೆ. ಎಲ್ಲವೂ ಸ್ವಂತ ಭಾಷೆಯಲ್ಲೇ ಸಿಕ್ಕರೆ ಇಂಗ್ಲಿಷ್ ಕಲಿಯುವ ಒತ್ತಡ ಇರುವುದಿಲ್ಲ, ಅನುವಾದದ ದುಡ್ಡನ್ನು ಕಲಿಸುವುದಕ್ಕೆ ಹಾಕಿ ಅನ್ನುವ ವಾದವೂ ಇದೆ. ಟೆಕ್ಸಾಸ್‌ನ ಸ್ಟಾರ್ ಕೌಂಟಿಯನ್ನು ನೋಡಿ. ಅಲ್ಲಿ ಹತ್ತರಲ್ಲಿ ಒಂಬತ್ತಕ್ಕೂ ಜಾಸ್ತಿ ಜನ ಮನೆಯಲ್ಲಿ ಸ್ಪ್ಯಾನಿಷ್ ಆಡುತ್ತಾರೆ. ಆ ನೆಲ ಅಮೆರಿಕಕ್ಕೆ ಸೇರುವುದಕ್ಕೆ ಮೊದಲೇ ಅಲ್ಲಿ ಸ್ಪ್ಯಾನಿಷ್ ಇತ್ತು. 2024ರಲ್ಲಿ ಅದೇ ಕೌಂಟಿ ಟ್ರಂಪ್ ಅವರನ್ನು ಗೆಲ್ಲಿಸಿತು. 1892ರ ನಂತರ ಅಲ್ಲಿ ರಿಪಬ್ಲಿಕನ್ ಅಧ್ಯಕ್ಷ ಅಭ್ಯರ್ಥಿ ಗೆದ್ದದ್ದು ಅದೇ ಮೊದಲು. ಮನೆಮಾತು ನೋಡಿ ಮತ ಯಾರಿಗೆ ಅಂತ ಹೇಳುವವರು ಅಲ್ಲಿ ಸೋತರು.

ವಿರೋಧಿಸುವವರು ಕೇಳುವುದು ಬೇರೆ. ಇಂಗ್ಲಿಷ್ ಬಂದರೆ ಸಂಬಳ ಜಾಸ್ತಿ, ಕೆಲಸ ಹಗುರ. ಅದಕ್ಕಿಂತ ದೊಡ್ಡ ಒತ್ತಡ ಯಾವುದಿದೆ? ಇಲ್ಲದಿರುವುದು ಆಸೆಯಲ್ಲ, ತರಗತಿ. ದೊಡ್ಡವರಿಗೆ ಇಂಗ್ಲಿಷ್ ಕಲಿಸುವ ತರಗತಿ ಹಳ್ಳಿಗಾಡಿನಲ್ಲಿ ದೂರ, ಅದೂ ಪಾಳಿಯ ಸಮಯಕ್ಕೆ ಹೊಂದುವುದಿಲ್ಲ. ಕಲಿಯುವ ತನಕ ಸುಂಟರಗಾಳಿ ಕಾಯುವುದಿಲ್ಲ, ಎದೆನೋವೂ ಕಾಯುವುದಿಲ್ಲ. ಆದೇಶದಲ್ಲಿ ಕಲಿಸುವುದಕ್ಕೆ ಅಂತ ಒಂದು ಡಾಲರೂ ತೆಗೆದಿಟ್ಟಿಲ್ಲ ಎಂಬುದು ಪರ ವಾದದ ದೊಡ್ಡ ತೂತು.

ಲಾರಿ ಚಾಲಕರ ಬೇರೆ ಅಳತೆಗೋಲು

2025ರ ಏಪ್ರಿಲ್‌ನಲ್ಲಿ ಬಂದ ಲಾರಿ ಚಾಲಕರ ಆದೇಶವನ್ನೂ ಜನ ಇದರ ಜೊತೆ ಕಲಸಿದರು. ಅದು ಹೊಸ ನಿಯಮ ಅಲ್ಲ. ಜನರ ಜೊತೆ ಮಾತಾಡುವಷ್ಟು, ರಸ್ತೆಯ ಫಲಕ ತಿಳಿಯುವಷ್ಟು, ಅಧಿಕಾರಿಗೆ ಉತ್ತರ ಕೊಡುವಷ್ಟು ಇಂಗ್ಲಿಷ್ ಇರಬೇಕು ಅಂತ ಹಿಂದಿನಿಂದಲೂ ನಿಯಮ ಇದೆ. 2016ರಲ್ಲಿ ಅದನ್ನು ಸಡಿಲಿಸಿದ್ದರು. 2025ರ ಜೂನ್ 25ರಿಂದ ಮತ್ತೆ ಬಿಗಿ ಮಾಡಿದರು. ದಾರಿಯಲ್ಲಿ ತಪಾಸಣೆ ಮಾಡುವಾಗ ಚಾಲಕ ಇಂಗ್ಲಿಷಿನಲ್ಲಿ ಉತ್ತರಿಸದಿದ್ದರೆ ಅಲ್ಲೇ ಲಾರಿಯಿಂದ ಇಳಿಸಬಹುದು. ಆ ಮಾತುಕತೆಗೆ ಫೋನಿನ ಅನುವಾದದ ಆಪ್ ಬಳಸುವಂತಿಲ್ಲ. ಅಲ್ಲಿ ಲಾರಿ ಓಡಿಸುವ ಪಂಜಾಬಿಗಳು ದೊಡ್ಡ ಸಂಖ್ಯೆಯಲ್ಲಿದ್ದಾರೆ. ಹಾಗಾಗಿ ನಮ್ಮ ಪತ್ರಿಕೆಗಳಲ್ಲೂ ಸುದ್ದಿಯಾಯಿತು.

ಇಲ್ಲಿ ಬೇಕಿರುವುದು "ಸಾಕಷ್ಟು" ಇಂಗ್ಲಿಷ್. "ತುಂಬಾ ಚೆನ್ನಾಗಿ" ಅಲ್ಲ. ಆದ್ದರಿಂದ ಸಮೀಕ್ಷೆಯ ಅಂಕಿ ಹಿಡಿದು ಇಷ್ಟು ಚಾಲಕರ ಕೆಲಸ ಹೋಗುತ್ತದೆ ಅಂತ ಲೆಕ್ಕ ಹಾಕಿದರೆ ಅದು ಊಹೆ ಮಾತ್ರ. ಶಾಲೆಗೆ ಇನ್ನೊಂದು ಅಳತೆಗೋಲು ಇದೆ. ಅಪ್ಪ ಅಮ್ಮ ಮನೆಮಾತಿನ ಫಾರಂ ತುಂಬುತ್ತಾರೆ, ಬೇರೆ ಭಾಷೆ ಇದ್ದರೆ ಮಗುವಿಗೆ ನಿಜವಾದ ಪರೀಕ್ಷೆ ಇಡುತ್ತಾರೆ. ಮತಪತ್ರಕ್ಕೆ ಮತ್ತೂ ಒಂದು.

ಶೇ. 5ರ ಗೆರೆ

ಹಳ್ಳಿಗಾಡಿನ ಕೌಂಟಿಗೆ ಈ ಎಲ್ಲ ಅಂಕಿಗಳಲ್ಲಿ ಅತಿ ಮುಖ್ಯ ಮತಪತ್ರದ್ದು. ಮತದಾನ ಹಕ್ಕು ಕಾಯ್ದೆಗೆ 1975ರಲ್ಲಿ 203ನೇ ಸೆಕ್ಷನ್ ಸೇರಿಸಿದರು. ಒಂದು ಭಾಷೆಯ ಗುಂಪಿನಲ್ಲಿ ಮತದಾನದ ವಯಸ್ಸಿನ, ಇಂಗ್ಲಿಷ್ ತುಂಬಾ ಚೆನ್ನಾಗಿ ಬಾರದ ನಾಗರಿಕರು ಕೌಂಟಿಯಲ್ಲಿ 10,000 ದಾಟಬೇಕು. ಅಥವಾ ಅಲ್ಲಿನ ಮತದಾನದ ವಯಸ್ಸಿನ ನಾಗರಿಕರಲ್ಲಿ ಶೇ. 5 ದಾಟಬೇಕು. ಜೊತೆಗೆ ಆ ಗುಂಪಿನಲ್ಲಿ ಐದನೇ ತರಗತಿ ಮುಗಿಸದವರ ಪ್ರಮಾಣ ದೇಶದ ಸರಾಸರಿಗಿಂತ ಜಾಸ್ತಿ ಇರಬೇಕು. ಆಗ ಚುನಾವಣೆಯ ಎಲ್ಲ ಕಾಗದವೂ ಆ ಭಾಷೆಯಲ್ಲಿ ಸಿಗಬೇಕು. ಮೂಲನಿವಾಸಿ ಮೀಸಲು ಪ್ರದೇಶಕ್ಕೆ ಶೇ. 5ರ ಲೆಕ್ಕವನ್ನು ಬೇರೆಯಾಗಿಯೇ ಹಾಕುತ್ತಾರೆ. ಬರಹ ಇಲ್ಲದೆ ಬಾಯಲ್ಲೇ ಬೆಳೆದ ಭಾಷೆಗಳಿಗೆ ಕಾಗದ ಬೇಕಿಲ್ಲ, ಮಾತಿನ ಸಹಾಯ ಸಾಕು.

ಹತ್ತು ಸಾವಿರದ ಗೆರೆ ನಗರಗಳಿಗೆ. ಒಟ್ಟು ಜನಸಂಖ್ಯೆಯೇ ಮೂವತ್ತು ಸಾವಿರ ಇರುವ ಕೌಂಟಿ ಅದನ್ನು ಮುಟ್ಟುವುದು ಅಪರೂಪ. ಅದಕ್ಕೆ ಶೇ. 5ರ ಗೆರೆಯೇ ಗತಿ. ಇಲ್ಲೂ ಎಲ್ಲ ಭಾಷೆಗೂ ಜಾಗ ಇಲ್ಲ. ಸ್ಪ್ಯಾನಿಷ್, ಏಷ್ಯಾದವರ ಭಾಷೆಗಳು, ಅಮೆರಿಕದ ಮತ್ತು ಅಲಾಸ್ಕಾದ ಮೂಲನಿವಾಸಿಗಳ ಭಾಷೆಗಳು ಅಷ್ಟೇ. ಹೋಮ್ಸ್ ಕೌಂಟಿಯ ಜರ್ಮನ್ನು ಎಷ್ಟೇ ಇದ್ದರೂ ಲೆಕ್ಕಕ್ಕಿಲ್ಲ. ಗಾರ್ಡನ್ ಸಿಟಿಯ ಸೊಮಾಲಿಯೂ ಇಲ್ಲ. ಪೌರತ್ವ ಸಿಗದ ಕಾರ್ಮಿಕರಂತೂ ಇಲ್ಲವೇ ಇಲ್ಲ.

ನಮ್ಮಲ್ಲೂ ಇಂಥದೊಂದು ಗೆರೆ ಇದೆ, ಇನ್ನೂ ಎತ್ತರದ್ದು. ಜಿಲ್ಲೆ ಅಥವಾ ಅದಕ್ಕಿಂತ ಚಿಕ್ಕ ಆಡಳಿತ ಭಾಗದಲ್ಲಿ ಭಾಷಾ ಅಲ್ಪಸಂಖ್ಯಾತರು ಶೇ. 15 ಇದ್ದರೆ ಮುಖ್ಯ ನಿಯಮ, ಪ್ರಕಟಣೆಗಳು ಅವರ ಭಾಷೆಯಲ್ಲೂ ಬರಬೇಕು ಎಂಬ ರಕ್ಷಣೆ ಅದು. ಕಾಸರಗೋಡಿನ ಕನ್ನಡಿಗರು ಜಿಲ್ಲೆಯ ಲೆಕ್ಕಕ್ಕಿಂತ ತಾಲೂಕಿನ ಲೆಕ್ಕ ಹಿಡಿಯುವುದು ಇದೇ ಕಾರಣಕ್ಕೆ. ಯಾವ ಗಡಿಯೊಳಗೆ ಎಣಿಸುತ್ತೀರಿ ಅನ್ನುವುದರ ಮೇಲೆ ಭಾಷೆಯ ಹಕ್ಕು ನಿಂತಿರುತ್ತದೆ.

ಮುಂದೇನು?

ಸಣ್ಣ ಕೌಂಟಿಯ ಅಂಕಿ ಗಟ್ಟಿ ಅಲ್ಲ. 65,000ಕ್ಕಿಂತ ಕಡಿಮೆ ಜನ ಇರುವ ಕಡೆ ಒಂದು ವರ್ಷದ ಸಮೀಕ್ಷೆಯ ಫಾರಂ ಸಾಲುವುದಿಲ್ಲ. ಐದು ವರ್ಷದ್ದನ್ನು ಕೂಡಿಸಿ ಸರಾಸರಿ ತೆಗೆಯುತ್ತಾರೆ. ಆಗಲೂ ಒಂದು ಭಾಷೆಯವರು 600 ಜನ ಅಂತ ಕೊಟ್ಟು, ಪಕ್ಕದಲ್ಲಿ 250 ಆಚೀಚೆ ಆಗಬಹುದು ಅಂತ ಬರೆದಿರುವಂಥ ಕೋಷ್ಟಕ ಕಂಡರೆ ಆಶ್ಚರ್ಯಪಡಬೇಕಿಲ್ಲ. ಆ 600ನ್ನು ಮಾತ್ರ ಎತ್ತಿಕೊಂಡು ಹಿಂದಿನ ಸಲಕ್ಕಿಂತ ದುಪ್ಪಟ್ಟಾಯಿತು ಅಂತ ಬರೆಯುವ ವರದಿಯನ್ನು ನಂಬಬಾರದು. ಮತಪತ್ರದ ಪಟ್ಟಿ ಮಾಡುವಾಗ ಇಲಾಖೆ ಈ ಅಲುಗಾಟ ಕಡಿಮೆ ಮಾಡಲು ಸಂಖ್ಯಾಶಾಸ್ತ್ರದ ಮಾದರಿಗಳನ್ನು ಬಳಸುತ್ತದೆ. ಆದರೆ ಮಾದರಿಗೂ ಮೂಲ ಸರಕು ಫಾರಂ ತುಂಬಿದ ಮನೆಗಳೇ. ಈಗಿನ ಬಿಗಿ ವಲಸೆ ಕ್ರಮಗಳ ಕಾಲದಲ್ಲಿ ಹೆದರಿದ ಮನೆಗಳು ಫಾರಂ ಮುಟ್ಟದಿದ್ದರೆ, ಅಥವಾ ಮನೆಯಲ್ಲಿ ಬೇರೆ ಭಾಷೆ ಇಲ್ಲ ಅಂತ ಬರೆದುಬಿಟ್ಟರೆ, ಸೀಮಿತ ಇಂಗ್ಲಿಷಿನ ಅಂಕಿ ಇಳಿಯುತ್ತದೆ. ಒಬ್ಬರೂ ಹೊಸದಾಗಿ ಇಂಗ್ಲಿಷ್ ಕಲಿಯದೆಯೂ ಇಳಿಯುತ್ತದೆ.

203ನೇ ಸೆಕ್ಷನ್ನಿನ ಪಟ್ಟಿ ಐದು ವರ್ಷಕ್ಕೊಮ್ಮೆ ಹೊಸದಾಗುತ್ತದೆ. 2016ರಲ್ಲಿ ಅದರಲ್ಲಿ 263 ಸ್ಥಳೀಯ ಆಡಳಿತಗಳಿದ್ದವು. 2021ರ ಡಿಸೆಂಬರ್‌ನಲ್ಲಿ 331 ಆದವು. ಆ ಪಟ್ಟಿಗೆ 2026ರ ಡಿಸೆಂಬರ್‌ಗೆ ಐದು ವರ್ಷ ತುಂಬುತ್ತದೆ. ಶೇ. 5.1 ಇದ್ದ ಕೌಂಟಿ 4.9ಕ್ಕೆ ಇಳಿದರೆ ಅದರ ಹೆಸರು ಪಟ್ಟಿಯಿಂದ ಬಿದ್ದುಹೋಗುತ್ತದೆ. ಆಮೇಲೆ ಬೇರೆ ಭಾಷೆಯ ಮತಪತ್ರ ಕೊಡುವುದು ಬಿಡುವುದು ಆಯಾ ಕೌಂಟಿ, ರಾಜ್ಯಕ್ಕೆ ಬಿಟ್ಟದ್ದು. ಮತ್ತೆ ಎಣಿಕೆಯ ಸರದಿ ಬರುವುದು 2031ರಲ್ಲಿ. ಆ ಸೆಕ್ಷನ್ನಿನ ಅವಧಿಯೇ 2032ರ ಆಗಸ್ಟ್‌ನಲ್ಲಿ ಮುಗಿಯುತ್ತದೆ.